ಓಟಕ್ಕೆ ಮುನ್ನ ಮೈಗೆ ತಂಪು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ಕಂಡು ನಾವು ನಗುತ್ತೇವೆ. ಆದರೆ ನಮ್ಮ ಕರಾವಳಿಯ ಕ್ರೀಡಾಕೂಟಗಳಲ್ಲಿ ನಡೆಯುತ್ತಿರುವುದು ಬೇರೆ ಏನು? ಓಟಗಾರನು ತಲೆ ಸುತ್ತಿ ಬಿದ್ದ ಮೇಲೆ ನಾಲ್ಕು ಜನ ನೀರಿನ ಕೊಡ ಹಿಡಿದು ಓಡಿಬರುತ್ತಾರೆ. ಆ ನೀರು ಆಗ ಬೇಕೇ ಬೇಕು, ನಿಜ. ಆದರೆ ಓಟಕ್ಕೆ ಮುಂಚೆಯೂ ಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ.

ಓಡುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಪರಿಣಮಿಸುತ್ತದೆ. ಅದನ್ನು ಹೊರಹಾಕಲು ಪ್ರಕೃತಿಯು ಕೊಟ್ಟಿರುವ ಮುಖ್ಯ ಸಾಧನ ಬೆವರು. ಅದೂ ಆರಿದರೆ ಮಾತ್ರ. ಘಟ್ಟದ ಮೇಲಿನ ಧಾರವಾಡದ ಒಣಹವೆಯಲ್ಲಿ ಬೆವರು ಬೇಗನೆ ಆರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ತೇವದ ಗಾಳಿಯಲ್ಲಿ ಅದು ತೊಟ್ಟಿಕ್ಕುತ್ತದೆ. ಅಂಗಿ ಒದ್ದೆಯಾಗುವುದೇ ಹೊರತು ಮೈ ತಣಿಯುವುದಿಲ್ಲ. ನಮ್ಮೂರ ಅನೇಕರು ದುಡಿಯುವ ಕೊಲ್ಲಿ ನಾಡಿನ ದೋಹಾ ನಗರದಲ್ಲಿ 2019ರಲ್ಲಿ ವಿಶ್ವ ಅಥ್ಲೆಟಿಕ್ ಸ್ಪರ್ಧೆ ನಡೆಯಿತು. ಬಿಸಿಲಿಗೆ ಅಂಜಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿ ಆರಂಭಿಸಿದರೂ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಸೂರ್ಯನಿಲ್ಲದಿದ್ದರೂ ತೇವದ ಸೆಕೆಯೇ ಸಾಕಾಯಿತು!

ಹಾಗಾದರೆ ಉಪಾಯವೇನು? ಮೈಯ ಶಾಖವನ್ನು ಮೊದಲೇ ತುಸು ಇಳಿಸಿಕೊಂಡರೆ, ಅದು ಅಪಾಯದ ಮಟ್ಟಕ್ಕೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯದ ದೋಣಿ ಸ್ಪರ್ಧಾಳುಗಳು ಮಂಜುಗಡ್ಡೆ ತುಂಬಿದ ಅಂಗಿ ತೊಟ್ಟು ಸ್ಪರ್ಧೆಗೆ ಸಿದ್ಧರಾದರು. ಅದೇ ದೇಶದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೂ ಸ್ವಾರಸ್ಯವಾದುದು. 34 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಹತ್ತು ಮಂದಿ ಯುವಕರನ್ನು ದಣಿಯುವವರೆಗೆ ಓಡಿಸಿದರು. ತಣ್ಣೀರು ಕುಡಿದು ಓಡಿದಾಗ ಅವರು ಸರಾಸರಿ ಸುಮಾರು 41 ನಿಮಿಷ ತಾಳಿದರೆ, ಮಂಜುಗಡ್ಡೆಯ ಪುಡಿ ಬೆರೆತ ಪಾನಕ ಕುಡಿದಾಗ 50 ನಿಮಿಷ ತಾಳಿದರು. ಮಂಜು ಕರಗುವುದಕ್ಕೇ ಪ್ರತಿ ಗ್ರಾಮಿಗೆ 80 ಕ್ಯಾಲರಿ ಶಾಖ ಬೇಕು. ಅದನ್ನು ನಮ್ಮ ಹೊಟ್ಟೆಯೊಳಗಿನಿಂದಲೇ ಹೀರುತ್ತದೆ.

"ಮೈ ಬಿಸಿ ಮಾಡಿಕೊಳ್ಳದೆ ಓಡಬಾರದೆಂದು ಗುರುಗಳು ಹೇಳುತ್ತಾರಲ್ಲ?" ಎಂದು ಮಿತ್ರರು ಕೇಳಬಹುದು. ನೂರು ಮೀಟರ್ ಓಟಕ್ಕೆ, ಜಿಗಿತಕ್ಕೆ ಆ ಮಾತು ಪೂರ್ತಿ ಸತ್ಯ. ತಣ್ಣಗಾದ ಸ್ನಾಯುವಿಗೆ ಕಸುವು ಕಡಿಮೆ. ಆದರೆ ಐದು ಸಾವಿರ, ಹತ್ತು ಸಾವಿರ ಮೀಟರಿನ ಓಟಗಳ ಮಾತೇ ಬೇರೆ. ಅವುಗಳಿಗೆ ನೆರಳಿನಲ್ಲಿ ಕೈಕಾಲು ಸಡಿಲಿಸಿಕೊಂಡರೆ ಸಾಕು, ಉರಿಬಿಸಿಲಲ್ಲಿ ಮೈ ಕಾಯಿಸಿಕೊಳ್ಳಬೇಕಾಗಿಲ್ಲ.

ಇದಕ್ಕೆ ವಿದೇಶದ ಅಂಗಿಯೇ ಬೇಕೆಂದಿಲ್ಲ. ತದಡಿ, ಕಾಸರಕೋಡು, ತೆಂಗಿನಗುಂಡಿ ಬಂದರುಗಳಲ್ಲಿ ಮೀನು ಕೆಡದಂತೆ ಮಂಜುಗಡ್ಡೆ ಹಾಕುತ್ತಾರೆ. ಸತ್ತ ಮೀನಿಗೆ ಸಲ್ಲುವ ಉಪಚಾರ ಬದುಕಿರುವ ಓಟಗಾರನಿಗೆ ಸಲ್ಲಬಾರದೇ? ಆ ಮಂಜು ಕುಡಿಯಲು ಯೋಗ್ಯವಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಬೆನ್ನಿಗೆ ಹಿಡಿಯಬಹುದು. ಕುಡಿಯುವುದಕ್ಕೆ, ಕಾಯಿಸಿ ಆರಿಸಿದ ನೀರಿನ ಮಂಜನ್ನು ಪುಡಿಮಾಡಿ, ಚಿಟಿಕೆ ಉಪ್ಪು ಹಾಕಿದ ಮುರುಗಲ ಪಾನಕಕ್ಕೆ ಬೆರೆಸಿ, ಓಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಗುಟುಕು ಗುಟುಕಾಗಿ ಕೊಡಬಹುದು. 60 ಕಿಲೋ ತೂಕದವನಿಗೆ ಸುಮಾರು 450 ಗ್ರಾಂ ಸಾಕು. ಹೊಸದನ್ನು ಸ್ಪರ್ಧೆಯ ದಿನವೇ ಪ್ರಯೋಗಿಸದೆ, ಅಭ್ಯಾಸದ ದಿನಗಳಲ್ಲೇ ನೋಡಿಕೊಳ್ಳುವುದು ಜಾಣತನ.

ಆದರೆ ತಂಪು ವಜ್ರಕವಚವಲ್ಲ. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಓಟ ನಿಲ್ಲಿಸಲೇಬೇಕು. ಅದರಿಂದ ಯಾರ ಶೌರ್ಯಕ್ಕೂ ಕುಂದಿಲ್ಲ.

ಕಡೆಯದಾಗಿ ಗುರುಜನರಲ್ಲಿ ಒಂದು ಬಿನ್ನಹ. ಪಥಸಂಚಲನ, ಸ್ವಾಗತ, ಅತಿಥಿಗಳ ಭಾಷಣ ಇವೆಲ್ಲ ಮುಗಿದು ಹನ್ನೊಂದು ಗಂಟೆಯ ಬಿಸಿಲಿಗೆ ದೂರದ ಓಟ ಇಡುವ ಪದ್ಧತಿ ಬೇಡ. ಅದನ್ನು ಬೆಳಿಗ್ಗೆ ಆರೂವರೆಗೇ ನಡೆಸಿ, ಮೈದಾನದಂಚಿನಲ್ಲಿ ನೆರಳು, ನೀರು, ಮಂಜುಗಡ್ಡೆ ಇಡಿಸಿದರೆ ಖರ್ಚು ಅತ್ಯಲ್ಪ. ಭಾಷಣಗಳು ಅನಂತರ ಎಷ್ಟು ಹೊತ್ತು ನಡೆದರೂ ನಾವು ನೆರಳಿನಲ್ಲಿ ಕುಳಿತು ಸಂತೋಷದಿಂದ ಕೇಳುತ್ತೇವೆ.