ಮುಚ್ಚಿದ ಕದ, ತೆರೆದ ಕದ

ಪ್ರಾರ್ಥನೆಗೆ ಕದ ಮುಚ್ಚಬೇಕೋ, ತೆರೆಯಬೇಕೋ? ಕ್ರೈಸ್ತರ ಸತ್ಯವೇದದಲ್ಲಿ ಎರಡಕ್ಕೂ ಆಧಾರವುಂಟು. ಗುಟ್ಟಾಗಿ ಪ್ರಾರ್ಥಿಸಬೇಕೆಂದು ಬೋಧಿಸಿದ ಯೇಸುವೇ, ಕೂಡಿದ ಭಕ್ತರ ನಡುವೆ ತಾನಿರುವುದಾಗಿ ಭರವಸೆಯನ್ನೂ ಇತ್ತಿದ್ದಾನೆ.

ಇವೆರಡನ್ನೂ ಒಂದೇ ದಿನಚರಿಯಲ್ಲಿ ಹೊಂದಿಸಲು ಹೆಣಗಿದವರಲ್ಲಿ ಜರ್ಮನಿಯ ಧರ್ಮಬೋಧಕ ಡೀಟ್ರಿಖ್ ಬಾನ್‌ಹಾಫರ್ ಒಬ್ಬರು. ನಾಜಿಗಳ ಅಂಕೆಗೆ ಮಣಿಯದ ಕ್ರೈಸ್ತಬಣವೊಂದು ತರುಣ ಪಾದ್ರಿಗಳ ಶಿಕ್ಷಣಕ್ಕಾಗಿ 1935ರಲ್ಲಿ ತೆರೆದ ವಿದ್ಯಾಲಯಕ್ಕೆ ಅವರೇ ಮುಖ್ಯಸ್ಥರು. ಅದು ಅದೇ ವರ್ಷ ಫಿಂಕನ್‌ವಾಲ್ಡೆ ಎಂಬಲ್ಲಿ ನೆಲೆಗೊಂಡಿತು. ಬೆಳಗೂ ಸಂಜೆಯೂ ಎಲ್ಲರೂ ಕೂಡಿ ಪ್ರಾರ್ಥನೆ, ಕೀರ್ತನೆಗಳ ಪಠಣ. ಒಂದೇ ಮೇಜಿನಲ್ಲಿ ಊಟ. ಇದರ ಜೊತೆಗೆ ದಿನವೂ ಅರ್ಧ ಗಂಟೆ ಒಬ್ಬೊಬ್ಬರೇ ಕುಳಿತು ಮೌನಧ್ಯಾನ. ಅದಕ್ಕೆ ವಾರವಿಡೀ ವೇದದ ಒಂದೇ ಭಾಗ. ತರುಣರು ಗೊಣಗಿದರು. ಉಪದೇಶ ಮಾಡಲು ಬಲ್ಲವರಿಗೂ ಸುಮ್ಮನೆ ಕೂರುವ ಬಗೆ ತಿಳಿಯದು!

ಗುರು ಪಟ್ಟು ಸಡಿಲಿಸಲಿಲ್ಲ. ಒಂಟಿಯಾಗಿರಲು ಅಂಜುವವನು ಸಂಗವನ್ನು ಅರಸುವುದು ಭಕ್ತಿಯಿಂದಲ್ಲ, ತನ್ನಿಂದ ತಾನು ತಪ್ಪಿಸಿಕೊಳ್ಳಲು. ಹಾಗೆಯೇ ನೆರೆಯವನನ್ನು ಸಹಿಸಲಾರದವನ ಏಕಾಂತದಲ್ಲಿ ದೇವರಿಗಿಂತ ಅಹಂಕಾರಕ್ಕೇ ಹೆಚ್ಚು ಸ್ಥಳ.

1937ರಲ್ಲಿ ನಾಜಿಗಳ ಗುಪ್ತಪೊಲೀಸರಾದ ಗೆಸ್ಟಪೊದವರು ವಿದ್ಯಾಲಯವನ್ನು ಮುಚ್ಚಿಸಿದರು. ಬಳಗ ಚದುರಿತು. ಆದರೆ ಗುರುವಿನ ಸುತ್ತೋಲೆಗಳು ಶಿಷ್ಯರಿದ್ದೆಡೆಗೆ ಧ್ಯಾನದ ಭಾಗಗಳನ್ನು ಒಯ್ದವು. ದೂರದೂರದ ಊರುಗಳಲ್ಲಿದ್ದವರಿಗೂ ಒಂದೇ ವಾಕ್ಯದ ಮುಂದೆ ಕೂರುವ ಅವಕಾಶ ಒದಗಿತು. ಹಿಂದೆ ಬೇಸರ ತರಿಸಿದ ಏಕಾಂತವೇ ಈಗ ಅವರನ್ನು ಬೆಸೆಯುವ ದಾರವಾಯಿತು.

1943ರ ಏಪ್ರಿಲ್‌ನಲ್ಲಿ ಬಾನ್‌ಹಾಫರ್ ಸೆರೆಯಾದರು. ಬರ್ಲಿನ್ನಿನ ಟೇಗೆಲ್ ಸೆರೆಮನೆಯ ಕೋಣೆಯಲ್ಲಿ ದೇಗುಲವಿರಲಿಲ್ಲ, ಬಳಗವಿರಲಿಲ್ಲ, ಕೀರ್ತನೆಗಳಿದ್ದವು. 1945ರ ಏಪ್ರಿಲ್ 8ರ ಭಾನುವಾರ, ಶೋನ್‌ಬರ್ಗ್ ಎಂಬ ಹಳ್ಳಿಯ ಶಾಲೆಯಲ್ಲಿ ಕೂಡಿಹಾಕಿದ್ದ ಸಹಬಂದಿಗಳ ಕೋರಿಕೆಯಂತೆ ಅವರು ಆರಾಧನೆ ನಡೆಸಿಕೊಟ್ಟರು. ಅದು ಮುಗಿಯುತ್ತಿದ್ದಂತೆಯೇ ಕರೆ ಬಂದಿತು. ಮರುದಿನ ಫ್ಲಾಸೆನ್‌ಬರ್ಗಿನಲ್ಲಿ, ಹಿಟ್ಲರನ ವಿರುದ್ಧ ಸಂಚು ಹೂಡಿದವರೊಡನೆ ಅವರನ್ನೂ ಗಲ್ಲಿಗೇರಿಸಲಾಯಿತು. ಆಗ ಅವರ ವಯಸ್ಸು 39.

ಎರಡು ವರ್ಷಗಳ ಸೆರೆ ಆ ಮನುಷ್ಯನನ್ನು ಬತ್ತಿಸಲಿಲ್ಲ. ಕೇಳಿದವರಿಗೆ ಕೊಡಲು ಅವರಲ್ಲಿ ಇನ್ನೂ ಮಾತಿತ್ತು. ಬಾವಿಯ ಒರತೆ ಯಾರ ಕಣ್ಣಿಗೂ ಕಾಣದು; ನೀರು ಮಾತ್ರ ಊರಿಗೆಲ್ಲ ಸಲ್ಲುತ್ತದೆ. ಒರತೆಯಿಲ್ಲದ ಬಾವಿಯ ಸುತ್ತ ಎಷ್ಟು ಮಂದಿ ಕೊಡ ಹಿಡಿದು ನೆರೆದರೇನು? ಯಾರೂ ಸೇದದ ಬಾವಿಯ ನೀರಾದರೂ ಎಷ್ಟು ದಿನ ತಿಳಿಯಾಗಿದ್ದೀತು?