ಬಚ್ಚಲ ಬೂಷ್ಟಿಗೆ ಮಳೆಯನ್ನು ದೂರಬೇಡಿ

ಕಳೆದ ಆಷಾಢದಲ್ಲಿ ಕುಂದಾಪುರದ ಕೋಡಿಯಲ್ಲಿ ಪರಿಚಿತರ ಮನೆಗೆ ಹೋಗಿದ್ದೆವು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಪಂಚಗಂಗಾವಳಿಯ ಅಳಿವೆ. ನಮ್ಮ ಘಟ್ಟದಿಂದಿಳಿದ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ನದಿಗಳು ಸಮುದ್ರ ಸೇರುವುದು ಅಲ್ಲಿಯೇ. ಮನೆ ಹೊಸತು, ತಾರಸಿಯದು. ಬಚ್ಚಲಿನ ಚಾವಣಿಯ ತುಂಬ ಮಾತ್ರ ಕರಿಯ ಬೂಷ್ಟು. “ಎಷ್ಟ್ ತಿಕ್ರೂ ಹೋತಿಲ್ಲೆ, ಎಂತ ಮಾಡುದ್ ಮಾರ್ರೆ?” ಎಂದರು ಮನೆಯ ಅಕ್ಕ. ಯಜಮಾನರು ಮಳೆಯನ್ನು ಶಪಿಸಿದರು. ಅಲ್ಲಿದ್ದ ನೆಂಟರೊಬ್ಬರು ಶುಚಿತ್ವದ ಕುರಿತು ಅಕ್ಕನಿಗೇ ಉಪದೇಶ ಮಾಡಿದರು. ಎರಡೂ ಅನ್ಯಾಯದ ಮಾತುಗಳು.

ಮಳೆ ಈ ಸೀಮೆಗೆ ಹೊಸದೇ? ವರ್ಷಕ್ಕೆ ಸುಮಾರು 4000 ಮಿಲಿಮೀಟರು ಸುರಿಯುವ ನಾಡಿದು. ಹಿಂದೆ ಬಚ್ಚಲು ಮನೆಯಿಂದ ತುಸು ಹೊರಗಿರುತ್ತಿತ್ತು. ಮೇಲೆ ಮಡಲಿನ ಇಲ್ಲವೇ ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಕರಾವಳಿಯಲ್ಲೆಲ್ಲ ಹಬ್ಬಿದ ಹಂಚು ಅದು. ಅದರ ಸಂದಿಯಿಂದ ಹಬೆ ಹೊರಬೀಳುತ್ತಿತ್ತು, ಹಂಡೆಯೊಲೆಯ ಕಾವು ಮಾಡನ್ನು ಒಣಗಿಸುತ್ತಿತ್ತು. ಆ ಹೊಗೆ ನಮ್ಮ ತಾಯಂದಿರ ಕಣ್ಣನ್ನೂ ಎದೆಯನ್ನೂ ತಿಂದದ್ದು ನಿಜ. ಹಂಡೆಗೆ ಹಿಂದಿರುಗಿರೆಂದು ಹೇಳುವಷ್ಟು ಕಠೋರರು ನಾವಲ್ಲ. ಆದರೆ ಒಲೆಯನ್ನು ತೆಗೆದವರು ಗಾಳಿಯ ದಾರಿಯನ್ನೂ ಮುಚ್ಚಿದ್ದೇಕೆ? ಈಗ ಗೀಸರಿನ ಬಿಸಿನೀರಿನ ಹಬೆ ಮೇಲೇರಿ, ತಣ್ಣನೆಯ ಕಾಂಕ್ರೀಟಿಗೆ ತಗುಲಿ, ಹನಿಯಾಗಿ ಅಲ್ಲಿಯೇ ನಿಲ್ಲುತ್ತದೆ. ಗಾರೆಗೆ ಉಪ್ಪುಮರಳು ಸೇರಿದ್ದರಂತೂ ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬೂಷ್ಟಿಗೆ ಇನ್ನೇನು ಬೇಕು?

ಅಂಗಡಿಯವರು ಬ್ಲೀಚಿನ ಬಾಟಲಿ ಕೊಡುತ್ತಾರೆ. ಅದು ಕಪ್ಪನ್ನು ಅಳಿಸೀತು, ತೇವವನ್ನಲ್ಲ. ಸಾಲದೆಂದು ಅದರೊಡನೆ ಕಕ್ಕಸು ತೊಳೆಯುವ ಆಸಿಡ್ ಬೆರೆಸುವವರಿದ್ದಾರೆ. ಆಗ ಹೊಮ್ಮುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಎರವಾದೀತು. ಬಚ್ಚಲ ನೀರು ಹೋಗುವುದಾದರೂ ಎಲ್ಲಿಗೆ? ತೆಂಗಿನ ಬುಡಕ್ಕೆ. ಕೋಡಿಯಂಥ ಮರಳುನೆಲದಲ್ಲಿ ಅಲ್ಲಿಂದ ಬಾವಿ ದೂರವಿಲ್ಲ. ಹಾಗೆಂದು ಬೂಷ್ಟನ್ನು ಬಿಟ್ಟುಬಿಡುವಂತೆಯೂ ಇಲ್ಲ. ಮನೆಯೊಳಗಿನ ತೇವ ಮತ್ತು ಶಿಲೀಂಧ್ರಗಳಿಂದ ಉಬ್ಬಸ ಹೆಚ್ಚುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ.

ಮೊದಲು ತಾರಸಿಯ ಬಿರುಕು ನೋಡಿ; ಮೇಲಿನಿಂದ ಸೋರುವ ನೀರಿಗೆ ಕೆಳಗೆ ತಿಕ್ಕಿ ಫಲವಿಲ್ಲ. ಬಳಿಕ ಚಾವಣಿಗೆ ಹತ್ತಿರವಾಗಿ, ಎದುರುಬದುರು ಎರಡು ಗಾಳಿಕಿಂಡಿ ತೆಗೆಸಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಬೂನು ನೀರಿನಿಂದ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ. ಮಳೆ ಬಿಟ್ಟು ಚಾವಣಿ ಪೂರ್ತಿ ಒಣಗಿದ ಮೇಲೆ ಹಳೆಯ ಪೈಂಟನ್ನು ಕೆರೆದು ಸುಣ್ಣ ಬಳಿಯಿರಿ (ಕಣ್ಣು ಜೋಕೆ). ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೇರೂರದು. ಮಳೆಗಾಲದ ಹೊರಗಾಳಿಯೇ ಒದ್ದೆ, ಕಿಂಡಿಯಿಂದೇನು ಪ್ರಯೋಜನ ಎನ್ನುವವರಿದ್ದಾರೆ. ಸ್ನಾನದ ಹಬೆಯಷ್ಟು ಒದ್ದೆಯಲ್ಲವಲ್ಲ!

ಕೋಡಿಯ ಅಕ್ಕ ದೀಪಾವಳಿಗೆ ಮುನ್ನ ಮೇಸ್ತ್ರಿಯನ್ನು ಕರೆಸಿ ಗೋಡೆ ಕೊರೆಸಿದರು. ಕಟ್ಟುವಾಗಲೇ ಬಿಟ್ಟಿದ್ದರೆ ಆ ಖರ್ಚೇ ಇರಲಿಲ್ಲ. ಘಟ್ಟದ ಬುಡದ ನಮ್ಮ ಸಿದ್ದಾಪುರ, ಹೊಸಂಗಡಿ ಕಡೆಯಲ್ಲಿಯೂ ಈಗ ಇಂಥವೇ ಮನೆಗಳು ಏಳುತ್ತಿವೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ: ಪಂಚಾಯಿತಿ ಒಪ್ಪಿಗೆ ಕೊಡುವ ನಕ್ಷೆಯಲ್ಲಿ ಬಚ್ಚಲಿನ ಗಾಳಿಕಿಂಡಿ ಎಲ್ಲಿದೆ?