ಅನುಯಾಯಿಯೂ ಶ್ರದ್ಧಾವಂತನೂ

ಅಧ್ಯಾತ್ಮಪಂಥವೊಂದರ ನಿಜವಾದ ಶ್ರದ್ಧಾವಂತನಾರೆಂದು ಕೇಳಿದರೆ ಲೋಕವು ಒಡನೆಯೇ ಬೆರಳು ಮಾಡಿ ತೋರಿಸುವುದು ದೀಕ್ಷೆ ಪಡೆದವನನ್ನು, ಲಾಂಛನ ಧರಿಸಿದವನನ್ನು, ಗುರುವಾಕ್ಯಕ್ಕೆ ಎದುರಾಡದವನನ್ನು. ಈ ಗುರುತುಗಳನ್ನು ಹುಸಿಯೆನ್ನಲಾಗದು. ಆದರೆ ಇವೆಲ್ಲವೂ ಪಂಥದ ಆಸರೆಯಲ್ಲಿ ನಿಂತಂಥವು. ಆ ಆಸರೆ ಕಳಚಿದ ದಿನ ಮನಸ್ಸಿನಲ್ಲಿ ಏನು ಉಳಿದೀತೆಂಬುದನ್ನು ಇವು ಹೇಳಲಾರವು.

1929ನೆಯ ಇಸವಿಯ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್ನಿನಲ್ಲಿ ಅಂತಹ ದಿನವೊಂದು ಬಂದಿತು. ಜಗದ್ಗುರುವಿನ ಆಗಮನಕ್ಕೆ ಜನರನ್ನು ಅಣಿಗೊಳಿಸಲೆಂದು 1911ರಲ್ಲಿ ಹುಟ್ಟಿದ್ದ ನಕ್ಷತ್ರಸಂಘದ ಸುಮಾರು 3000 ಸದಸ್ಯರೂ, ತಮ್ಮನ್ನು ಮಗನಂತೆ ಸಾಕಿದ್ದ ಆನಿ ಬೆಸೆಂಟರೂ ನೋಡುತ್ತಿರಲು, ಯಾರಲ್ಲಿ ಆ ಗುರುವು ಪ್ರಕಟಗೊಳ್ಳುವನೆಂದು ಅವರು ಕಾದಿದ್ದರೋ ಆ ಜಿಡ್ಡು ಕೃಷ್ಣಮೂರ್ತಿಯವರೇ, ಯಾವ ಸಂಘಟನೆಯೂ ಮನುಷ್ಯನನ್ನು ಸತ್ಯಕ್ಕೆ ಕರೆದೊಯ್ಯಲಾರದೆಂದು ಸಾರಿ ಸಂಘವನ್ನು ವಿಸರ್ಜಿಸಿದರು. ಸದಸ್ಯನು ಸಿಲುಕಿದ ಇಕ್ಕಟ್ಟು ವಿಚಿತ್ರವಾದುದು: ಅವರ ಮಾತನ್ನು ನಂಬಿದರೆ ಅನುಯಾಯಿಯಾಗಿ ಉಳಿಯುವಂತಿಲ್ಲ, ಅನುಯಾಯಿಯಾಗಿಯೇ ಉಳಿದರೆ ಅವರ ಮಾತನ್ನು ನಂಬಿದಂತಾಗುವುದಿಲ್ಲ. ನಂಬುವುದು ಬೇರೆ, ಹಿಂಬಾಲಿಸುವುದು ಬೇರೆಯೆಂಬುದು ಅಲ್ಲಿ ನಿಚ್ಚಳವಾಯಿತು.

ಹಾಗೆಂದು ಪಂಥವನ್ನು ತೊರೆದವನೇ ಶ್ರದ್ಧಾವಂತನೆಂದರೆ ಅವಸರದ ಮಾತಾದೀತು. ಪಂಥದೊಳಗೇ ಇದ್ದು, ಅದರ ತತ್ತ್ವಕ್ಕೆ ಅದರ ನಾಯಕನ ಕೃಪೆಗಿಂತಲೂ ಹೆಚ್ಚಿನ ಬೆಲೆ ಕೊಡುವುದು ಇನ್ನೂ ಕಠಿನವಾದುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿಯನ್ನಾಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯದ ಅಳತೆಯನ್ನು ಮೀರಿ ತಂದನೆಂದು ಶರಣರ ಕಥೆ ಹೇಳುತ್ತದೆ. ಅದು ಕದ್ದ ಅಕ್ಕಿಯಾಗಿರಲಿಲ್ಲ, ಅಂಗಳವೋ ಸಾಕ್ಷಾತ್ ಬಸವಣ್ಣನವರದು, ಉಣ್ಣುವವರೋ ಜಂಗಮರು. ಇಷ್ಟೆಲ್ಲ ಸಮಾಧಾನಗಳು ಕೈಗೆಟಕುವಂತಿದ್ದರೂ ಹೆಂಡತಿ ಲಕ್ಕಮ್ಮನು ಒಂದನ್ನೂ ಮುಟ್ಟಲಿಲ್ಲ. ಅಗತ್ಯಕ್ಕೆ ಮೀರಿದ್ದು ಆಸೆಯೆಂದು ಬಗೆದು, ತಂದಲ್ಲಿಯೇ ಸುರಿದು ಬರಬೇಕೆಂದಳು.

ಅವಳು ಕಲ್ಯಾಣವನ್ನು ಬಿಟ್ಟು ಹೋಗಲಿಲ್ಲ, ಬಸವಣ್ಣನವರನ್ನು ಹಳಿಯಲೂ ಇಲ್ಲ. ಅನುಭವ ಮಂಟಪದಲ್ಲಿ ಎಲ್ಲರೂ ಒಪ್ಪುತ್ತಿದ್ದ ಕಾಯಕದ ಮಾತನ್ನು ತನ್ನ ಅಡುಗೆಯ ಒಲೆಗೂ ಅನ್ವಯಿಸಿದಳು, ಅಷ್ಟೆ. ಪರರ ನಿಷ್ಠೆಯನ್ನು ಅಳೆಯಲು ಹೊರಟವನು ಕಾವಲುಗಾರನಾದಾನು. ಸ್ವಂತ ಮನೆಯ ಮೊರದಲ್ಲಿ ಹೆಚ್ಚಾಗಿ ಬಿದ್ದ ಹಿಡಿ ಅಕ್ಕಿಯನ್ನು ಕಂಡು ಅಳುಕುವವನು ಮಾತ್ರ ಶ್ರದ್ಧಾವಂತನು.

ಮಾರಯ್ಯನು ಆ ಅಕ್ಕಿಯನ್ನು ಹಿಂದಕ್ಕೆ ಒಯ್ದು ಅದೇ ಅಂಗಳದಲ್ಲಿ ಸುರಿದು ಬಂದನು.